ಕಂಪ್ಯೂಟರಿಗೆ ಮುಯ್ಯಿ ಕಲಿಸಿದ್ದು

ಚನ್ನಪಟ್ಟಣದ ಗೊಂಬೆ ರಫ್ತು ಘಟಕವೊಂದರ ಮ್ಯಾನೇಜರು ಏದುಸಿರು ಬಿಡುತ್ತಾ ಮಹಡಿ ಹತ್ತಿ ನನ್ನ ಕೋಣೆಗೆ ಬಂದವರೇ ಒಂದು ಕೆಂಪು ಗಿಲಕಿಯನ್ನು ಮೇಜಿನ ಮೇಲೆ ಕುಕ್ಕಿದರು. ಹಾಲುಗಲ್ಲದ ಮಕ್ಕಳು ಬಾಯಿಗಿಟ್ಟುಕೊಳ್ಳುವ ಗಿಲಕಿ ಅದು.

"ಇದ್ರ ಬಣ್ಣದಲ್ಲಿ ಸೀಸದ ವಿಷ ಇದೆಯಂತೆ ಕಣ್ರೀ. ಹೊರದೇಶದ ಲ್ಯಾಬಲ್ಲಿ ಸಿಕ್ಕಾಕ್ಕೊಂಡಿದೆ. ಈಗ ನಿಮ್ಮ ಕಂಪ್ಯೂಟರ್ ಬಾಯಿ ಬಿಡ್ಸಿ ನೋಡೋಣ. ಇದನ್ನ ಮಾಡಿದ್ದು ಯಾರು, ಅವರು ಇನ್ನೇನೇನು ಮಾಡಿಕೊಟ್ಟಿದ್ದಾರೆ, ಎಲ್ಲಾ ಬೇಕು ನನಗೆ."

ಇಂಥ ಪ್ರಶ್ನೆಗೆ ಉತ್ತರ ಕೊಡಲೆಂದೇ ನನ್ನನ್ನು ಅಲ್ಲಿ ಕೂರಿಸಿದ್ದರು. ರಾಮನಗರ ಆಗಿನ್ನೂ ಹೊಸದಾಗಿ ಜಿಲ್ಲೆಯಾಗಿತ್ತು. ಬಿಡದಿಯಿಂದ ಈಚೆಗೆ ರಾಗಿ ಹೊಲಗಳ ನಡುವೆ ತಗಡಿನ ಶೆಡ್ಡುಗಳು ಏಳುತ್ತಿದ್ದವು. ಗೊಂಬೆ ಕೊಳ್ಳುವ ಹೊರದೇಶದ ಕಂಪನಿಗಳು ಚೆಂದ ನೋಡಿ ಆರ್ಡರ್ ಕೊಡುವ ಕಾಲ ಮುಗಿದು, ಒಂದೊಂದು ಗೊಂಬೆಯ ಜಾತಕವನ್ನೂ ಕೇಳತೊಡಗಿದ್ದವು. ಯಾವ ಮರ, ಯಾವ ಬಣ್ಣ, ಯಾರ ಕೈ. ಆ ಜಾತಕ ಬರೆಯುವ ಕೆಲಸ ನಮ್ಮ ಪುಟ್ಟ ಕಂಪನಿಗೆ ಸಿಕ್ಕಿತ್ತು. ನಾನು ಮಾಗಡಿಯವನು, ದಿನಾ ಬಸ್ಸಿನಲ್ಲಿ ಓಡಾಡಬಲ್ಲೆ ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಚನ್ನಪಟ್ಟಣಕ್ಕೆ ತಳ್ಳಿದರು.

ನಾನು ಮಾಡುತ್ತಿದ್ದ ಕೆಲಸಕ್ಕೆ ಆಂಟಾಲಜಿ ಎನ್ನುತ್ತಾರೆ. "ಇದೇನ್ರೀ, ಕಾಯಿಲೆ ಹೆಸರಿದ್ದಂಗಿದೆ" ಎಂದು ಮ್ಯಾನೇಜರು ಮೊದಲ ದಿನವೇ ರೇಗಿಸಿದ್ದರು. ವಿಷಯವೇನೂ ಅಷ್ಟು ಕಷ್ಟದ್ದಲ್ಲ. ಒಂದು ಉದ್ಯಮದಲ್ಲಿ ಯಾವ್ಯಾವ ಬಗೆಯ ಜನ, ವಸ್ತು, ಕೆಲಸಗಳಿವೆ, ಒಂದಕ್ಕೊಂದು ಏನು ಸಂಬಂಧ ಎಂಬುದನ್ನು ಯಂತ್ರಕ್ಕೆ ತಿಳಿಯುವಂತೆ ಬರೆದಿಡುವುದು. ಹಾಗೆ ಬರೆದಿಟ್ಟದ್ದಕ್ಕೆ ಮಾದರಿ ಎನ್ನುತ್ತೇವೆ. ಲಾಟು, ಎಂದರೆ ಒಂದು ಸಲಕ್ಕೆ ಒಂದು ಮನೆಗೆ ಒಪ್ಪಿಸುವ ಮಾಲಿನ ಕಂತು, ಒಂದು ವರ್ಗ, ಲೇತಿನ ಮನೆ ಒಂದು ವರ್ಗ, ಅರಗಿನ ಕಡ್ಡಿ ಇನ್ನೊಂದು ವರ್ಗ. ಲಾಟಿಗೂ ಮನೆಗೂ ನಡುವೆ 'ಮಾಡಿದವರು' ಎಂಬ ಸಂಬಂಧ. ಹೀಗೆಲ್ಲ ಬರೆದ ಮೇಲೆ ರೀಸನರ್ ಎಂಬ ತಂತ್ರಾಂಶವನ್ನು ಅದರ ಮೇಲೆ ಓಡಿಸುತ್ತೇವೆ. ನಾವು ಹೇಳಿದ ಮಾತುಗಳಿಂದ ತರ್ಕ ಮಾಡಿ, ನಾವು ಹೇಳದೆ ಇದ್ದದ್ದನ್ನೂ ಅದು ಹೇಳುತ್ತದೆ. ಆಗ ನನಗೆ ಅದರ ಮೇಲೆ ಎಲ್ಲಿಲ್ಲದ ಹೆಮ್ಮೆ ಇತ್ತು.

ಘಟಕದ ಕೆಲಸ ನಡೆಯುತ್ತಿದ್ದುದು ಹಳ್ಳಿಯ ಮನೆಗಳಲ್ಲಿ. ಸೂಪರ್‌ವೈಸರು ಆಲೆ ಮರದ ತುಂಡುಗಳನ್ನೂ ಅರಗಿನ ಕಡ್ಡಿಗಳನ್ನೂ ಮೊಪೆಡ್ಡಿನಲ್ಲಿ ಹೇರಿಕೊಂಡು ಹೋಗಿ ಮನೆಮನೆಗೆ ಕೊಡುತ್ತಿದ್ದರು. ಮನೆಯವರು ಮರವನ್ನು ಲೇತಿಗೆ ಕೊಟ್ಟು ಕಡೆದು, ಅದು ಗಿರ್ರನೆ ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿದರೆ ಬಿಸಿಗೆ ಕರಗಿ ಅಂಟುತ್ತಿತ್ತು. ಮೇಲೆ ಕೇದಗೆ ಗರಿಯಿಂದ ತಿಕ್ಕಿದರೆ ಕನ್ನಡಿಯ ಹೊಳಪು. ಅರಗಿಗೆ ಬೆರೆಸುವುದು ಸಸ್ಯಮೂಲದ ಬಣ್ಣ ಮಾತ್ರ ಎಂಬುದು ಘಟಕದ ಭರವಸೆ. ಕೆಲಸ ಪಡೆಯುವ ಪ್ರತಿ ಮನೆಗೂ ಒಂದು ಕಾರ್ಡು. ಕಾರ್ಡು ಹೋದರೆ ಕೆಲಸ ಹೋಯಿತು ಎಂದೇ ಅರ್ಥ.

ಆ ಗಿಲಕಿಯ ಲಾಟು ನಂಬರನ್ನು ಕೊಟ್ಟು ರೀಸನರ್ ಓಡಿಸಿದೆ. ಫ್ಯಾನು ಜೋರಾಗಿ ಸದ್ದು ಮಾಡಿತು, ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ ಬಂದ ಉತ್ತರ ನೋಡಿ ನನಗೇ ತಲೆ ಕೆಟ್ಟಿತು. ಕೂಟಗಲ್ ಕಡೆಯ ಒಂದು ಹಳ್ಳಿಯ ಇಬ್ಬರು ಹೆಂಗಸರ ಹೆಸರು ಕೊಟ್ಟು, ಇವರಿಬ್ಬರೂ ಒಬ್ಬರೇ ಎಂದಿತ್ತು. ಅಷ್ಟೇ ಅಲ್ಲ, ಇಬ್ಬರ ಮನೆಯಿಂದ ಬಂದ ಲಾಟುಗಳನ್ನೂ ಒಟ್ಟಿಗೆ ಕಲಸಿ ಎಲ್ಲಕ್ಕೂ ಅನುಮಾನದ ಗುರುತು ಹಾಕಿತ್ತು. ಹಡಗಿಗೆ ಹೊರಡಬೇಕಿದ್ದ ಗೋದಾಮಿನ ಎಷ್ಟೋ ಪೆಟ್ಟಿಗೆಗಳು ಆ ಪಟ್ಟಿಯೊಳಗೆ ಸೇರಿದ್ದವು.

ಮ್ಯಾನೇಜರಿಗೆ ಅರ್ಥವಾದದ್ದೇ ಬೇರೆ. "ಓಹೋ! ಒಬ್ಬಳೇ ಹೆಂಗಸು ಎರಡು ಹೆಸರಲ್ಲಿ ಎರಡು ಕಾರ್ಡ್ ಮಾಡಿಸ್ಕೊಂಡವಳೆ. ಎಂಥಾ ಕಳ್ಳಿ ನೋಡ್ರೀ!"

"ಅಲ್ಲ ಸಾರ್, ಒಂದು ನಿಮಿಷ" ಅಂದೆ. ಏನಾಗಿದೆ ಎಂದು ನನಗೆ ಹೊಳೆದಿತ್ತು. ಒಂದು ಲಾಟಿಗೆ ಜವಾಬ್ದಾರರು ಒಬ್ಬರೇ ಇರಬೇಕು ಎಂಬುದು ಕೊಳ್ಳುವ ಕಂಪನಿಯ ಕಟ್ಟುನಿಟ್ಟು. ಅದನ್ನು ನಮ್ಮ ಸೀನಿಯರ್ ಮೇಡಂ ಬೆಂಗಳೂರಿನಲ್ಲಿ ಕೂತು ಮಾದರಿಯೊಳಗೆ ನಿಯಮ ಮಾಡಿದ್ದರು. ಈ ಲಾಟಿಗೆ ಮರ ಕೊಟ್ಟಾಗ ಒಬ್ಬರ ಹೆಸರು ಸೇರಿದೆ, ಮಾಲು ವಾಪಸ್ ಬಂದಾಗ ಇನ್ನೊಬ್ಬರ ಹೆಸರು ಸೇರಿದೆ. ಎರಡು ಹೆಸರು ಕಂಡರೆ ಮನುಷ್ಯನಾದರೆ ಎಲ್ಲೋ ತಪ್ಪಾಗಿದೆ ಎನ್ನುತ್ತಾನೆ. ರೀಸನರ್ ಹಾಗಲ್ಲ. ಮಾಡಿದವರು ಒಬ್ಬರೇ ಎಂದು ನೀನೇ ಹೇಳಿದ್ದೀಯ, ಈಗ ಎರಡು ಹೆಸರು ಕೊಟ್ಟಿದ್ದೀಯ, ಹಾಗಾದರೆ ಎರಡೂ ಒಬ್ಬರದೇ ಹೆಸರು, ಅಷ್ಟೇ. ಇವರಿಬ್ಬರೂ ಬೇರೆಬೇರೆ ಎಂದು ಯಾರೂ ಬಾಯಿಬಿಟ್ಟು ಹೇಳದಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ.

ಇಷ್ಟನ್ನೂ ಬಿಡಿಸಿ ಹೇಳಿದೆ. ಮ್ಯಾನೇಜರು ತಲೆಯಾಡಿಸಿದರೇ ಹೊರತು ನಂಬಲಿಲ್ಲ. ಲಕ್ಷಾಂತರ ಸುರಿದು ತಂದ ಯಂತ್ರ ಸುಳ್ಳು ಹೇಳುತ್ತದೆ ಎನ್ನುವುದಕ್ಕಿಂತ ಹಳ್ಳಿಯ ಹೆಂಗಸು ಸುಳ್ಳು ಹೇಳುತ್ತಾಳೆ ಎನ್ನುವುದು ಅವರಿಗೆ ಸಲೀಸು. "ಹೋಗಿ ಕಣ್ಣಾರೆ ನೋಡ್ಕೊಂಡು ಬನ್ನಿ. ಒಬ್ಬಳೇ ಆದ್ರೆ ಎರಡೂ ಕಾರ್ಡ್ ಕಿತ್ಕೊಂಡು ಬನ್ನಿ. ಇಬ್ರಾದ್ರೆ, ಯಾರು ಈ ದರಿದ್ರ ಮಾಡಿದ್ದು ಅಂತ ಹೆಸರು ತನ್ನಿ."

ಸೂಪರ್‌ವೈಸರ ಮೊಪೆಡ್ಡಿನ ಹಿಂದೆ ಕೂತು ಹೋದೆ. ಇಬ್ಬರು ಹೆಂಗಸರೂ ಒಂದೇ ಜಗಲಿಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದರು. ಯಾರು ನೋಡಿದರೂ ಇಬ್ಬರೇ. ಹಿರಿಯರನ್ನು ಊರಲ್ಲಿ ಮೇಲಿನ ಮನೆ ಅಕ್ಕ ಎನ್ನುತ್ತಿದ್ದರು. ಐವತ್ತರ ಆಚೆಯವರು, ಗಂಡ ತೀರಿಕೊಂಡಿದ್ದರು. ಲೇತಿನ ಕೆಲಸ ಬಿಟ್ಟರೆ ಅವರಿಗಿದ್ದದ್ದು ಊರ ಪಕ್ಕದ ಒಂದು ತುಂಡು ರಾಗಿ ಹೊಲ. ಇನ್ನೊಬ್ಬಾಕೆ ಕೆಳಗಿನ ಮನೆಯವಳು, ಚಿಕ್ಕ ವಯಸ್ಸಿನವಳು. ಸಂಬಂಧವೇನಲ್ಲ, ನೆರೆಯವಳು. ಮೇಲಿನ ಮನೆ ಅಕ್ಕನ ಎರಡೂ ಕೈಗಳ ಗೆಣ್ಣು ಊದಿಕೊಂಡಿತ್ತು. ಆ ಮಳೆಗಾಲ ನಮ್ಮ ಕಡೆಯೆಲ್ಲ ಚಿಕನ್ ಗುನ್ಯ ಹಬ್ಬಿ, ಜ್ವರ ಬಿಟ್ಟರೂ ಕೀಲುನೋವು ಬಿಡದೆ ಜನ ಗೋಳಾಡಿದ್ದರು.

ಲಾಟಿನ ಮಾತೆತ್ತಿದೆ. ಅಕ್ಕ ಏನನ್ನೂ ಮುಚ್ಚಿಡಲಿಲ್ಲ.

"ಜ್ವರ ಬಂದ್ಬುಟ್ಟು ಕೈಲಿ ಒಂದು ಲೋಟ ಇಡಿಯಕ್ಕೂ ಆಯ್ತಿರ್ನಿಲ್ಲ ಸಾರ್. ಒಪ್ಕಂಡ ಲಾಟು, ಬುಡಕ್ಕಾಯ್ತದಾ? ಇವ್ಳು ಮುಯ್ಯಿಗೆ ಬಂದು ಮಾಡ್ಕೊಟ್ಲು."

ಮುಯ್ಯಿ ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇವತ್ತು ನಾಟಿಗೋ ಕುಯ್ಲಿಗೋ ನೀನು ನನ್ನ ಹೊಲಕ್ಕೆ ಬಾ, ನಾಳೆ ನಾನು ನಿನ್ನ ಹೊಲಕ್ಕೆ ಬರುತ್ತೇನೆ. ಕೂಲಿ ಇಲ್ಲ, ಬರೀ ಆಳಿಗೆ ಆಳು. ನಮ್ಮ ಮನೆಯಲ್ಲೂ ನಡೆದಿದ್ದೇ. ಹೊಲದ ಆ ಪದ್ಧತಿಯನ್ನು ಇವರು ಲೇತಿಗೂ ತಂದುಕೊಂಡಿದ್ದರು. ಮಾದರಿ ಬರೆಯುವಾಗ ನಾನು ಘಟಕದಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಕೇಳಿದ್ದೆ, ಯಾರೂ ಈ ಮಾತು ಎತ್ತಿರಲಿಲ್ಲ. ಉಸಿರಾಡುವುದನ್ನು ಯಾರಾದರೂ ಕೆಲಸದ ಹಂತ ಎಂದು ಬರೆಸುತ್ತಾರೆಯೇ?

"ಸರಿ ಅಕ್ಕ, ಬಣ್ಣ? ಕೆಂಪು ಎಲ್ಲಿಂದ ಬಂತು?"

ಕೆಳಗಿನ ಮನೆಯಾಕೆ ಮುಖ ಕೆಳಗೆ ಹಾಕಿದಳು. ಕಣ್ಣಲ್ಲಿ ನೀರು ತುಂಬಿಕೊಂಡಿತು. "ಕೊಟ್ಟಿದ್ ಕೆಂಪು ಕಡ್ಡಿ ಅರ್ಧಕ್ಕೇ ಮುಗ್ದೋಯ್ತು ಸಾರ್. ಇವ್ರನ್ನ ಕೇಳ್ದೆ, ಸ್ಟೋರ್ನಾಗೆ ಇಲ್ಲ ಅಂದ್ರು." ಸೂಪರ್‌ವೈಸರು ಮೊಪೆಡ್ಡಿನ ಕನ್ನಡಿ ಒರೆಸತೊಡಗಿದರು. "ಅಕ್ಕನ್ ಲಾಟು ತಡ ಆದ್ರೆ ಬೈತಾರೆ ಅಂತ, ಪೇಟೇಲಿ ಕೆಂಪು ಪುಡಿ ತಂದು ನಾನೇ ಅರಗಿಗೆ ಕಲಸ್ದೆ. ಇಂಗಾಯ್ತದೆ ಅಂತ ನಂಗೇನ್ ಗೊತ್ತಿತ್ತು?"

"ಸುಮ್ಕಿರೇ" ಎಂದು ಅಕ್ಕ ಗದರಿದರು. "ಲಾಟು ನಂದು, ಎಸ್ರು ನಂದು. ಮುಯ್ಯಾಳು ಮಾಡಿದ್ದು ಅಂದ್ರೆ ನಾನೇ ಮಾಡ್ದಂಗೆ. ನನ್ನೆಸ್ರು ಬರ್ಕಳಿ ಸಾರ್." ಆಮೇಲೆ ದನಿ ಸಣ್ಣದು ಮಾಡಿ ಕೇಳಿದರು: "ಕಾರ್ಡು ಓಯ್ತದಾ? ಓದ್ರೆ ನಂಗೆ ಬ್ಯಾರೆ ಗತಿ ಇಲ್ಲ ಕಣಪ್ಪ."

ಸಾರ್ ಹೋಗಿ ಅಪ್ಪ ಬಂದದ್ದು ನನ್ನ ಎದೆಗೆ ನಾಟಿತು. ಏನಾದರೂ ಮಾಡುತ್ತೇನೆ ಅಕ್ಕ ಎಂದು ಹೇಳಿ ಬಂದೆ. ಹಾಗೆ ಹೇಳುವ ಹಕ್ಕು ನನಗಿರಲಿಲ್ಲ.

ಮಾರನೆಯ ದಿನ ಇಬ್ಬರೂ ಬೇರೆಬೇರೆ ಎಂಬ ಒಂದು ಸಾಲನ್ನು ಮಾದರಿಗೆ ಸೇರಿಸಿ ಓಡಿಸಿದೆ. ಪರದೆಯ ಮೇಲೆ ಮಾದರಿ ಪೂರ್ತಿ ಕೆಂಪಾಯಿತು, ಎಂದರೆ ಒಳಗೆಲ್ಲೋ ವಿರೋಧವಿದೆ ಎಂಬ ಗುರುತು. ಮಾಡಿದವರು ಒಬ್ಬರೇ ಇರಬೇಕು, ಹೆಸರು ಎರಡಿವೆ, ಎರಡೂ ಬೇರೆಬೇರೆ ಜನ. ಮೂರೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ಇಂಥ ಒಂದು ವಿರೋಧ ಎಲ್ಲಾದರೂ ಒಂದು ಮೂಲೆಯಲ್ಲಿ ಹೊಕ್ಕರೂ ಸಾಕು, ರೀಸನರ್ ಯಾವ ಪ್ರಶ್ನೆಗೂ ಉತ್ತರ ಕೊಡುವುದಿಲ್ಲ. ಗೋದಾಮಿನ ಯಾವ ಲಾಟು ಒಳ್ಳೆಯದು, ಯಾವುದು ಅಲ್ಲ ಎಂದು ಕೇಳಿದರೂ ಅದೇ ಗೋಡೆ.

ಮ್ಯಾನೇಜರು ನನ್ನ ಬೆನ್ನ ಹಿಂದೆಯೇ ನಿಂತಿದ್ದರು. "ಎರಡು ಹೆಸರಿದ್ರೆ ತಾನೆ ತಾಪತ್ರಯ? ಒಂದು ಅಳಿಸಿ ಬಿಸಾಕಿ."

"ಯಾವುದನ್ನ ಸಾರ್?"

"ಕೆಳಗಿನ ಮನೆಯವಳದ್ದು. ಲಾಟು ಕೊಟ್ಟಿದ್ದು ದೊಡ್ಡವಳಿಗೆ. ಅವಳದೇ ಜವಾಬ್ದಾರಿ. ಅವಳ ಕಾರ್ಡ್ ರದ್ದು ಮಾಡಿ ಬಯ್ಯರಿಗೆ ಬರೆದ್ರೆ ಮುಗೀತು. ಒಬ್ಬಳು ಹೋದ್ರೆ ಹೋಗ್ಲಿ ಕಣ್ರೀ, ನೂರಾರು ಜನದ ಅನ್ನ ಇದೆ ಇದರಲ್ಲಿ."

ಮಾತೇನೋ ಸರಿಯೇ ಇತ್ತು. ಅಳಿಸು ಎಂಬ ಗುಂಡಿ ನನ್ನ ಬೆರಳಿನ ಕೆಳಗೇ ಇತ್ತು. ಅಳಿಸಿದರೆ ಕೆಂಪು ಹೋಗಿ ಎಲ್ಲ ಸರಾಗ. ಜ್ವರದಲ್ಲಿ ಮಲಗಿದ್ದ ಹೆಂಗಸು ಸೀಸದ ಬಣ್ಣ ಹಾಕಿದಳು ಎಂದು ದಾಖಲೆಯಾಗುತ್ತಿತ್ತು. ನನಗೆ ಸಿಟ್ಟು ಬಂತು. ಮ್ಯಾನೇಜರ ಮೇಲೆ ಅಷ್ಟಲ್ಲ, ನನ್ನ ಕಸುಬಿನ ಮೇಲೆ. ಇದ್ದದ್ದನ್ನು ಇದ್ದಂತೆ ಬರೆಯುತ್ತೇವೆ ಎಂದು ಜಂಬ ಕೊಚ್ಚಿಕೊಂಡು ಬಂದವರು ನಾವು. ಊರಲ್ಲಿ ಮುಯ್ಯಿ ಇದೆ. ಮಾದರಿಯಲ್ಲಿ ಇಲ್ಲ. ಹಾಗಾದರೆ ತಪ್ಪಿರುವುದು ಮಾದರಿಯಲ್ಲಿ.

"ಒಂದು ವಾರ ಟೈಮ್ ಕೊಡಿ ಸಾರ್. ಮುಯ್ಯಿಯನ್ನೇ ಬರೀತೀನಿ" ಅಂದೆ.

"ಏನ್ ಬರೀತೀರಿ?"

"ಮುಯ್ಯಿ. ಲಾಟು ಒಪ್ಪಿಕೊಂಡವರು ಯಾರು, ಕೈಯಾರೆ ಮಾಡಿದವರು ಯಾರು, ಎರಡನ್ನೂ ಬೇರೆ ಮಾಡ್ತೀನಿ. ಆಗ ಬಣ್ಣದ ದಾರಿ ಸರಿಯಾಗಿ ಕಾಣ್ಸುತ್ತೆ."

ಸೀನಿಯರ್ ಮೇಡಂಗೆ ಫೋನ್ ಮಾಡಿದೆ. ಅವರಿಗೆ ಬಹಳ ಹಿಡಿಸಿತು. "ಚೆನ್ನಾಗಿದೆ ಕಣೋ, ನಿಜವಾದ ಮಾಡೆಲಿಂಗ್ ಅಂದ್ರೆ ಇದೇ" ಎಂದರು. ಒಂದು ಕ್ಷಣ ಬಿಟ್ಟು, "ಬಯ್ಯರ್ ಏನಂತಾರೋ ನೋಡ್ಬೇಕು" ಅಂತಲೂ ಸೇರಿಸಿದರು. ಮೊದಲ ಮಾತು ಮಾತ್ರ ನನ್ನ ಕಿವಿಯಲ್ಲಿ ಉಳಿಯಿತು.

ಒಂದು ವರ್ಗ ಬರೆಯಲು ಒಂದು ಉದಾಹರಣೆ ಸಾಲದು. ಮತ್ತೆ ಹಳ್ಳಿಗೆ ಹೋದೆ. ಹೆಂಗಸರು ಮೊದಲು ಬಾಯೇ ಬಿಡಲಿಲ್ಲ. ಕಂಪನಿಯವನು ಬಂದು ಯಾರು ಯಾರ ಕೆಲಸ ಮಾಡಿದಿರಿ ಎಂದು ಕೇಳಿದರೆ ಯಾರು ತಾನೇ ಹೇಳುತ್ತಾರೆ? ಕೊನೆಗೆ ಮೇಲಿನ ಮನೆ ಅಕ್ಕನೇ ಊದಿದ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದರು. ನನ್ನನ್ನು ಕರೆದುಕೊಂಡು ಮನೆಮನೆ ಹತ್ತಿದರು.

"ನಮ್ಮುಡ್ಗ ಕಣ್ರವ್ವ, ಮಾಗಡಿಯೋನು. ನಮ್ಗೆ ಒಳ್ಳೇದಾಗ್ಲಿ ಅಂತ್ಲೇ ಬರ್ಕತಾವ್ನೆ. ಎದ್ರುಕಬ್ಯಾಡಿ, ಇದ್ದುದ್ದ ಇದ್ದಂಗೆ ಯೋಳಿ."

ಅಕ್ಕನ ಮಾತಿಗೆ ಬೆಲೆ ಇತ್ತು. ಹೇಳಿದರು. ಒಬ್ಬಾಕೆ ಬಾಣಂತಿಯಾಗಿದ್ದಾಗ ಅವಳ ಲಾಟನ್ನು ಎದುರು ಮನೆಯವರು ಕಡೆದಿದ್ದರು. ಇನ್ನೊಂದು ಮನೆಯಲ್ಲಿ ಸಾವಾಗಿ ಸೂತಕ ಇದ್ದಾಗ ಬೀದಿಯವರೆಲ್ಲ ಹಂಚಿಕೊಂಡು ಮುಗಿಸಿದ್ದರು. ಲೇತಿನ ಮುಯ್ಯಿಯನ್ನು ಹೊಲದಲ್ಲಿ ತೀರಿಸುವುದೂ ಇತ್ತು: ನೀನು ನನ್ನ ಮರದ ಬಳೆಗಳಿಗೆ ಬಣ್ಣ ಹಾಕಿಕೊಡು, ನಾನು ನಿನ್ನ ರಾಗಿ ಕುಯ್ದು ಕೊಡುತ್ತೇನೆ. ಒಬ್ಬಾಕೆಯಂತೂ, "ಇವ್ಳು ನಂಗೆ ಆರು ವರ್ಷದಿಂದ ಮುಯ್ಯಿ ತೀರ್ಸಿಲ್ಲ, ಅದ್ನೂ ಬರ್ಕೋ" ಎಂದು ಪಕ್ಕದವಳನ್ನು ಛೇಡಿಸಿದಳು. ಎಲ್ಲರೂ ನಕ್ಕರು. ಅಕ್ಕ ಎಲ್ಲರಿಗಿಂತ ಜೋರಾಗಿ ನಕ್ಕರು. ನನಗೂ ಆ ಬೀದಿಯಲ್ಲಿ ಬಹಳ ಹಿತವೆನಿಸಿತ್ತು.

ಬರೆಯುವ ಕೆಲಸ ಕಷ್ಟದ್ದೇ ಆಯಿತು. ಮುಯ್ಯಿ ಒಂದು ಘಟನೆ. ಅದಕ್ಕೆ ಕೊಡುವವರು, ಪಡೆಯುವವರು, ಯಾವ ಲಾಟು, ಏನು ಕಾರಣ, ಇಷ್ಟು ಬೇಕು. ತೀರಿಸುವ ಮುಯ್ಯಿ ಇನ್ನೊಂದು ಘಟನೆ, ಎರಡಕ್ಕೂ ಕೊಂಡಿ. 'ಮಾಡಿದವರು' ಎಂಬ ಒಂದೇ ಸಂಬಂಧವನ್ನು ಒಡೆದು 'ಒಪ್ಪಿಕೊಂಡವರು', 'ಕೈಯಾರೆ ಮಾಡಿದವರು' ಎಂದು ಎರಡು ಮಾಡಿದೆ. ಒಪ್ಪಿಕೊಂಡವರು ಒಬ್ಬರೇ ಎಂಬ ನಿಯಮ ಹಾಗೇ ಉಳಿಯಿತು, ಕೈಗಳು ಎಷ್ಟಾದರೂ ಇರಬಹುದು. ಎರಡು ಸಲ ಕೆಟ್ಟಿತು. ಒಮ್ಮೆ ತೀರಿಸದ ಮುಯ್ಯಿಯನ್ನೆಲ್ಲ ಅಪೂರ್ಣ ಎಂದು ಬಿಸಾಡಿತು, ಇನ್ನೊಮ್ಮೆ ಇಡೀ ಊರನ್ನೇ ಒಂದು ಮನೆ ಮಾಡಿಬಿಟ್ಟಿತು. ಮೂರನೆಯ ಸಲಕ್ಕೆ ಎಲ್ಲ ಕೂಡಿಬಂತು.

ಗಿಲಕಿಯ ಪ್ರಶ್ನೆಯನ್ನು ಮತ್ತೆ ಕೇಳಿದೆ. ಉತ್ತರ ಸ್ಪಷ್ಟವಾಗಿ ಬಂತು. ಲಾಟು ಒಪ್ಪಿಕೊಂಡವರು ಮೇಲಿನ ಮನೆಯವರು. ಬಣ್ಣ ಹಾಕಿದವರು ಕೆಳಗಿನ ಮನೆಯವರು, ಮುಯ್ಯಿಗೆ. ಅರ್ಧಕ್ಕೆ ಘಟಕದ ಅರಗಿನ ಕಡ್ಡಿ ಇದೆ, ಉಳಿದರ್ಧಕ್ಕೆ ಘಟಕ ಕಡ್ಡಿ ಕೊಟ್ಟೇ ಇಲ್ಲ. ಅನುಮಾನ ಉಳಿದದ್ದು ಆ ಒಂದೇ ಲಾಟಿನ ಮೇಲೆ, ಗೋದಾಮಿನ ಮಿಕ್ಕ ಮಾಲೆಲ್ಲ ಬಿಡುಗಡೆ. ಸ್ಟೋರಿನಲ್ಲಿ ಕಡ್ಡಿ ಇಲ್ಲದಿದ್ದುದೂ ಅದರಲ್ಲೇ ಕಾಣುತ್ತಿತ್ತು. ಮ್ಯಾನೇಜರು ಪರದೆಯನ್ನು ಬಹಳ ಹೊತ್ತು ನೋಡಿದರು. "ಆಯ್ತು ಬಿಡಿ. ದೊಡ್ಡವಳ ಕಾರ್ಡ್ ಇರ್ಲಿ. ಚಿಕ್ಕವಳಿಗೆ ಒಂದು ಎಚ್ಚರಿಕೆ ಕೊಡಿ" ಎಂದು ಎದ್ದರು. ಅವತ್ತೇ ವರದಿಯನ್ನೂ ಮಾದರಿಯನ್ನೂ ಕೊಳ್ಳುವ ಕಂಪನಿಗೆ ಕಳಿಸಿದೆವು. ನಾನು ಬಸ್ ಹಿಡಿದು ಹೋಗಿ ಅಕ್ಕನಿಗೆ ಸುದ್ದಿ ಮುಟ್ಟಿಸಿದೆ. ಅವರು ನನ್ನ ಗಲ್ಲ ಹಿಡಿದು ಮುತ್ತಿಟ್ಟುಕೊಂಡರು. ಬಲವಂತದಿಂದ ಕೂರಿಸಿ ಮುದ್ದೆ, ಬಸ್ಸಾರು ಬಡಿಸಿದರು.

ಕೊಳ್ಳುವ ಕಂಪನಿಯ ಉತ್ತರ ಬಂದಾಗ ದಸರಾ ಮುಗಿದಿತ್ತು. ಮಾದರಿಯನ್ನು ಬಹಳ ಮೆಚ್ಚಿದ್ದರು. ಇಷ್ಟು ವಿವರವಾಗಿ ಯಾವ ದೇಶದಿಂದಲೂ ಬಂದಿಲ್ಲ ಎಂದಿದ್ದರು. ಜೊತೆಗೆ ಅವರದೇ ಒಂದು ಕಡತ ಕಳಿಸಿದ್ದರು. ಕೆಲಸದ ಪರಿಸ್ಥಿತಿ, ಮಕ್ಕಳ ದುಡಿಮೆ, ಒಳಗುತ್ತಿಗೆ ಮುಂತಾದವಕ್ಕೆ ಅವರು ಕೊಟ್ಟ ವ್ಯಾಖ್ಯೆಗಳು, ಅದೂ ರೀಸನರ್ ಓದಬಲ್ಲ ಇದೇ ಭಾಷೆಯಲ್ಲಿ. ಎರಡನ್ನೂ ಸೇರಿಸಿ ಓಡಿಸಿ, ಫಲಿತಾಂಶದ ಮೇಲೆ ಕ್ರಮ ಕೈಗೊಳ್ಳಿ ಎಂಬ ಸೂಚನೆ. ಎರಡು ಕಡೆಯವರು ಬೇರೆಬೇರೆ ಬರೆದದ್ದನ್ನು ಹೀಗೆ ಜೋಡಿಸಬಹುದು ಎಂಬುದೇ ಈ ತಂತ್ರದ ದೊಡ್ಡಸ್ತಿಕೆ. ನಾನೇ ಎಷ್ಟೋ ಸಲ ಮ್ಯಾನೇಜರಿಗೆ ಅದನ್ನು ಕೊಂಡಾಡಿದ್ದೆ.

ಸೇರಿಸಿದೆ. ಓಡಿಸಿದೆ. ಆ ಹಳ್ಳಿಯ ಒಂದೊಂದೇ ಮನೆ ಅನುಮತಿಯಿಲ್ಲದ ಒಳಗುತ್ತಿಗೆ ಎಂಬ ವರ್ಗದ ಕೆಳಗೆ ಹೋಗಿ ಕೂತಿತು. ಮೇಲಿನ ಮನೆ, ಕೆಳಗಿನ ಮನೆ, ಬಾಣಂತಿಯ ಮನೆ, ಸೂತಕದ ಮನೆ. ಒಬ್ಬರು ಒಪ್ಪಿಕೊಂಡ ಕೆಲಸವನ್ನು ಬರಹದ ಅನುಮತಿಯಿಲ್ಲದೆ ಮತ್ತೊಬ್ಬರು ಮಾಡಿದರೆ ಅದು ಒಳಗುತ್ತಿಗೆ ಎಂಬುದು ಅವರ ವ್ಯಾಖ್ಯೆ. ಮುಯ್ಯಿ ಎಂದರೆ ಒಬ್ಬರು ಒಪ್ಪಿಕೊಂಡದ್ದನ್ನು ಮತ್ತೊಬ್ಬರು ಮಾಡುವುದು ಎಂಬುದು ನನ್ನ ವ್ಯಾಖ್ಯೆ. ಮುಯ್ಯಿ ಒಳಗುತ್ತಿಗೆ ಎಂದು ಈ ಭೂಮಿಯ ಮೇಲೆ ಯಾರೂ ಹೇಳಿರಲಿಲ್ಲ. ರೀಸನರ್ ಹೇಳಿತು. ತರ್ಕದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ನಾನು ಮೂರು ಸಲ ನೋಡಿದೆ.

ಮ್ಯಾನೇಜರನ್ನು ಕರೆದು ತೋರಿಸಿದೆ. ಈ ಸಲ ಅವರು ಕೂಗಾಡಲಿಲ್ಲ. "ಇಷ್ಟು ಚೆನ್ನಾಗಿ ಯಾಕ್ರೀ ಬರೆಯೋಕೆ ಹೋದ್ರಿ?" ಎಂದರು. "ಒಂದು ಹೆಸರು ಅಳಿಸಿದ್ರೆ ಮುಗೀತಿತ್ತು."

ಸುಮ್ಮನೆ ಕೂರಲಿಲ್ಲ. ಮುಯ್ಯಿಯನ್ನು ಕುಟುಂಬದ ದುಡಿಮೆ ಎಂದು ಪರಿಗಣಿಸಿ ಎಂದು ಸೀನಿಯರ್ ಮೇಡಂ ಕೈಲಿ ಪತ್ರ ಬರೆಸಿದೆ. ನೆರೆಯವರು ಕುಟುಂಬದವರು ಹೇಗಾಗುತ್ತಾರೆ ಎಂದು ವಾಪಸ್ ಕೇಳಿದರು. ಒಂದೊಂದು ಮುಯ್ಯಿಗೂ ಮೊದಲೇ ಅನುಮತಿ ಪತ್ರ ಪಡೆಯುವ ದಾರಿ ಸೂಚಿಸಿದೆ. ಜ್ವರ ಪತ್ರ ಬರೆದು ಬರುತ್ತದೆಯೇ ಎಂದು ಮ್ಯಾನೇಜರೇ ನಕ್ಕುಬಿಟ್ಟರು. ಮುಯ್ಯಿ ವರ್ಗವನ್ನೇ ಕಿತ್ತು ಹಾಕಿ ಹಳೆಯದನ್ನು ಕಳಿಸೋಣ ಎಂದೂ ಅಂದೆ. ನಾನು ಬರೆದ ಮಾದರಿ ಆಗಲೇ ಅವರ ಕೈಯಲ್ಲಿತ್ತು. ಊರಿನ ಹೆಂಗಸರು ನಂಬಿ ಹೇಳಿದ ಒಂದೊಂದು ಮಾತೂ, ಹೆಸರು ಸಮೇತ ಅದರೊಳಗಿತ್ತು.

ಆ ಹಳ್ಳಿಯ ಕಾರ್ಡುಗಳೆಲ್ಲ ರದ್ದಾದವು. ಘಟಕವೂ ಅದೇ ನೆಪ ಮಾಡಿಕೊಂಡು ಮನೆಗೆಲಸವನ್ನೇ ಕೈಬಿಟ್ಟು, ಬಿಡದಿಯ ಹತ್ತಿರ ಒಂದು ಶೆಡ್ಡು ಹಿಡಿಯಿತು. ಸಾಲಾಗಿ ಲೇತುಗಳು, ಒಂದು ಲೇತಿಗೆ ಒಬ್ಬರು. ಅಲ್ಲಿಗೆ ನನ್ನ ಮಾದರಿ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಕೂತಿತು, ಒಂದು ದಿನವೂ ಕೆಂಪಾಗಲಿಲ್ಲ. ಎಳೆಯ ವಯಸ್ಸಿನವರನ್ನು ವ್ಯಾನು ಕಳಿಸಿ ಕರೆಸಿಕೊಂಡರು. ಕೆಳಗಿನ ಮನೆಯಾಕೆಗೆ ಅಲ್ಲಿ ಕೆಲಸ ಸಿಕ್ಕಿತು. ಮೇಲಿನ ಮನೆ ಅಕ್ಕನ ಕೈ ನೋಡಿ ಬೇಡವೆಂದರು.

ನಮ್ಮ ಕಂಪನಿಗೆ ಇನ್ನೆರಡು ಘಟಕಗಳ ಕೆಲಸ ಸಿಕ್ಕಿತು. ಮೇಡಂ ನನ್ನ ಹೆಸರು ಹಿಡಿದು ಹೊಗಳಿದರು. ನನಗೆ ಒಳಗೊಳಗೇ ಹೇಸಿಗೆಯಾಗುತ್ತಿತ್ತು.

ಅಕ್ಕನ ಮುಖ ನೋಡುವ ಧೈರ್ಯ ಬಹಳ ದಿನ ಬರಲಿಲ್ಲ. ಕಡೆಗೆ ಒಂದು ಭಾನುವಾರ, ರಾಗಿ ಕುಯ್ಲಿನ ಹೊತ್ತಿನಲ್ಲಿ, ಗಟ್ಟಿ ಮನಸ್ಸು ಮಾಡಿ ಹೋದೆ. ಊರ ಬಾಗಿಲಲ್ಲೇ ಕೂತಿದ್ದ ಬಾಣಂತಿಯ ಮನೆಯಾಕೆ ನನ್ನನ್ನು ಕಂಡು ಮುಖ ತಿರುಗಿಸಿದಳು. "ಬಂದ ನೋಡು, ಬರ್ಕಳೋನು" ಎಂದು ಒಳಗಿದ್ದವರಿಗೆ ಕೇಳುವ ಹಾಗೆ ಅಂದಳು. ಅಕ್ಕ ಎಲ್ಲಿ ಎಂದು ಕೇಳಿದೆ. "ಒಲ್ದಲ್ಲವ್ಳೆ. ಓಗಿ ಮುಯ್ಯಿ ಮಾಡೋಗಪ್ಪ, ನೀನೇ ಅಲ್ವಾ ಅವ್ಳುಡ್ಗ?"

ದಾರಿಯ ಎರಡೂ ಕಡೆ ಹೊಲಗಳಲ್ಲಿ ಜನ ಸಾಲುಗಟ್ಟಿ ಕುಯ್ಯುತ್ತಿದ್ದರು, ಮಾತು, ನಗು, ಬದುವಿನ ಮೇಲೆ ಮುದ್ದೆಯ ಕುಕ್ಕೆ. ಅಕ್ಕನ ಹೊಲದಲ್ಲಿ ಅಕ್ಕ ಒಬ್ಬರೇ ಇದ್ದರು. ಸುತ್ತಲಿನ ಹೊಲಗಳು ಅರ್ಧಕ್ಕೆ ಬಂದಿದ್ದವು. ಇವರದು ಒಂದು ಮೂಲೆ ಮಾತ್ರ ಆಗಿತ್ತು. ತೆನೆ ಆಗಲೇ ಉದುರತೊಡಗಿತ್ತು. ಕುಡುಗೋಲನ್ನು ಬಟ್ಟೆಯಲ್ಲಿ ಸುತ್ತಿ ಅಂಗೈಗೆ ಕಟ್ಟಿಕೊಂಡಿದ್ದರು, ಬೆರಳು ಮಡಚಲು ಬರುತ್ತಿರಲಿಲ್ಲ.

"ಬಂದ್ಯಾ, ಬಾ" ಎಂದರು. ಸಿಟ್ಟಿರಲಿಲ್ಲ. ಅದೇ ನನಗೆ ತಡೆಯಲಾಗಲಿಲ್ಲ.

"ಯಾರೂ ಬರ್ನಿಲ್ವಾ ಅಕ್ಕ?"

"ಯಾಕ್ ಬಂದಾರು? ಬಾಗ್ಲಿಗ್ ಬಾಗ್ಲಿಗ್ ಕರ್ಕಂಡೋಗಿ ಯೋಳಿ ಯೋಳಿ ಅಂದೋಳು ನಾನೇ ಅಲ್ವಾ? ನನ್ ಕಾರ್ಡ್ ಉಳ್ಸ್ಕಳಕ್ಕೆ ಊರೋರ್ ಕಾರ್ಡ್ ಮಾರ್ಬುಟ್ಳು ಅಂತವ್ರೆ. ಅವ್ರ್ ಅನ್ನಾದ್ರಲ್ಲೂ ತಪ್ಪೇನೈತೆ?" ಒಂದು ಹಿಡಿ ಕುಯ್ದು ಪಕ್ಕಕ್ಕೆ ಹಾಕಿದರು. "ಆ ಕೆಳಗಿನ್ ಮನೆಯೋಳು ಬಂದಿರೋಳು. ಅವ್ಳು ವ್ಯಾನಿಗೆ ಓದ್ರೆ ಕತ್ಲಾದ್ಮೇಲೇ ಬರಾದು. ಭಾನುವಾರವೂ ರಜ ಇಲ್ವಂತೆ."

"ಅಕ್ಕ, ತಪ್ಪೆಲ್ಲ ನಂದೇ. ನಾನು ಎಲ್ಲಾರ್ಗೂ ಯೋಳ್ತೀನಿ."

"ಯೋಳಿದ್ದು ಸಾಕು ಕಣಪ್ಪ" ಎಂದರು.

ಚಪ್ಪಲಿ ಬಿಟ್ಟು ಹೊಲಕ್ಕೆ ಇಳಿದೆ. ಬದುವಿನ ಮೇಲೆ ಇನ್ನೊಂದು ಕುಡುಗೋಲು ಬಿದ್ದಿತ್ತು, ಕೈಗೆತ್ತಿಕೊಂಡೆ. "ನಂಗೂ ಬತ್ತದೆ ಅಕ್ಕ, ಮಾಗಡೀಲಿ ಕುಯ್ದಿದ್ದೀನಿ. ಸಂಜೆಗಂಟ ಇರ್ತೀನಿ. ಒಸಿ ಸರೀರಿ."

ಅಕ್ಕ ಸೊಂಟ ಹಿಡಿದುಕೊಂಡು ಮೆಲ್ಲಗೆ ನೆಟ್ಟಗಾದರು. ನನ್ನ ಕೈಯಿಂದ ಕುಡುಗೋಲನ್ನು ತೆಗೆದುಕೊಂಡು ಬದುವಿನ ಮೇಲಿಟ್ಟರು.

"ಬ್ಯಾಡ ಮಗ. ನೀನೇನೋ ಇವತ್ತು ಕುಯ್ದ್ಬುಟ್ಟು ಓಯ್ತೀಯ. ಅದ್ನ ನಾನು ಎಲ್ಲಿಗ್ ಬಂದು ತೀರುಸ್ಲಿ? ನೀನ್ ಮಾಡಾ ಕೆಲ್ಸ ನನ್ ಕೈಲಿ ಆದಾದಾ?"

ನಾನು ಬದುವಿಗೆ ಹತ್ತಿ ಚಪ್ಪಲಿ ಮೆಟ್ಟಿಕೊಂಡೆ.

"ಬಿಸ್ಲೇರಾದ್ರೊಳ್ಗೆ ಓಗು, ಬ್ಯಾಗ ಓದ್ರೆ ಬಸ್ ಸಿಕ್ತದೆ" ಎಂದು ಹೇಳಿ ಮತ್ತೆ ಬಗ್ಗಿದರು.